ಒಂದೇ ಅಕ್ಷರ ಇದ್ದ ಮಾತ್ರಕ್ಕೆ ಒಂದೇ ಮನೆಯವರಲ್ಲ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಮನೆಯಲ್ಲಿ ತುಳು, ಮಗಳ ಶಾಲೆ ಕನ್ನಡ ಮಾಧ್ಯಮ, ಪೇಟೆಗೆ ಹೋದರೆ ಮಲಯಾಳ. ಅವಳು ಈಗ 8ನೇ ಕ್ಲಾಸು. ಟ್ಯೂಷನ್ನಿನಲ್ಲಿ ಒಂದು ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ ಇಂಗ್ಲಿಷ್ ಪದಗಳನ್ನು ಅಕ್ಷರ ನೋಡಿ ಗುಂಪು ಮಾಡಿದ್ದಾರೆ. ಜಿ-ಎಚ್ ಇರುವ 40 ಪದ, ಕೆ-ಎನ್‌ನಿಂದ ಶುರುವಾಗುವ 15 ಪದ, 'ಇನ್' ಇರುವ 50 ಪದ, ಹೀಗೆ. ಪಕ್ಕದಲ್ಲಿ ಕನ್ನಡ ಅರ್ಥ. ದಿನಕ್ಕೆ 20 ಪದ ಬಾಯಿಪಾಠ. ಮಾರನೇ ದಿನ ಸರಿಯಾಗಿ ಒಪ್ಪಿಸುತ್ತಾಳೆ. ವಾರ ಕಳೆದರೆ ಎಲ್ಲ ಕಲಸುಮೇಲೋಗರ. 'ದೋ' ಬರೆಯುವಲ್ಲಿ 'ಥಾಟ್' ಬರೆಯುತ್ತಾಳೆ, 'ಕ್ವೈಟ್' ಬರೆಯುವಲ್ಲಿ 'ಕ್ವಯೆಟ್'. ಮೊನ್ನೆ 'ಇನ್‌ಫ್ಲೇಮಬಲ್' ಎಂದರೆ 'ಬೆಂಕಿ ಹಿಡಿಯದ' ಎಂದು ಬರೆದಳು. "ಇನ್ ಬಂದರೆ ಇಲ್ಲ ಅಂತ ಅರ್ಥ ಅಲ್ವಾ ಅಮ್ಮಾ?" ಎಂದು ಕೇಳಿದಳು. ನನಗೂ ಹೌದು ಅನಿಸಿತು. ಅಕ್ಷರ ನೋಡಿ ಅರ್ಥ ಹೇಳುವುದನ್ನು ಕಲಿಸುತ್ತೇವೆ ಎಂದು ಒಂದು ಆನ್‌ಲೈನ್ ಕೋರ್ಸಿನವರು 6,000 ರೂಪಾಯಿ ಕೇಳುತ್ತಿದ್ದಾರೆ. ಭಾವನವರು ಇಂಗ್ಲಿಷ್ ಮೀಡಿಯಂಗೆ ಹಾಕಿ ಅನ್ನುತ್ತಾರೆ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಲಿಯುವ ತೊಂದರೆ, ಇರಬಹುದು ಅಂತ ಇನ್ನೊಬ್ಬರು ಹೆದರಿಸಿದರು. ಏನು ಮಾಡಲಿ? ಮಗಳದ್ದೂ ಒಂದು ಪ್ರಶ್ನೆ ಇದೆ: ಇಂಗ್ಲಿಷಿನಲ್ಲಿ ನಮ್ಮ ಊರಿನ ಪದ ಒಂದೂ ಇಲ್ವಾ?

ಉತ್ತರ: ನಿಮ್ಮ ಮಗಳ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಮೊದಲು ಆ 'ಇನ್' ವಿಷಯ. ಅವಳ ಉತ್ತರ ತಪ್ಪು, ನಿಜ. ಆದರೆ ಅವಳು ಮಾಡಿದ್ದೇನು ನೋಡಿ. ಕಂಡ ಪದಗಳಿಂದ ಒಂದು ನಿಯಮ ಹೆಕ್ಕಿದಳು, ಅದನ್ನು ಹೊಸ ಪದದ ಮೇಲೆ ಪರೀಕ್ಷೆ ಮಾಡಿದಳು. ಹೈಸ್ಕೂಲಿನಲ್ಲಿ 30 ವರ್ಷ ಇಂಗ್ಲಿಷ್ ಕಲಿಸಿದ ನನಗೆ ಇಂಥ ತಪ್ಪು ಕಂಡರೆ ಖುಷಿಯಾಗುತ್ತದೆ. ಯೋಚನೆ ಮಾಡದ ಮಗುವಿಗೆ ಈ ತಪ್ಪು ಮಾಡಲು ಬರುವುದಿಲ್ಲ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ: ಒಂದೇ ಅಕ್ಷರಗಳಿರುವ ಪದಗಳನ್ನು ಒಟ್ಟಿಗೆ ಕಲಿತರೆ ಅರ್ಥ ಸುಲಭವಾಗಿ ಕೂರಬೇಕಿತ್ತು, ಯಾಕೆ ಕೂರುತ್ತಿಲ್ಲ? ಕಾರಣ ಪುಸ್ತಕದ ವಿಂಗಡಣೆಯಲ್ಲಿದೆ. ಇಂಗ್ಲಿಷಿನಲ್ಲಿ ಎರಡು ಪದಗಳಿಗೆ ಒಂದೇ ಅಕ್ಷರಗಳು ಬರುವುದು ಬೇರೆ ಬೇರೆ ದಾರಿಗಳಿಂದ. ಕೆಲವು ನಿಜವಾಗಿ ಒಂದೇ ತರವಾಡಿನವು, ಅಂದರೆ ಒಂದೇ ಮನೆತನದವು. ಕೆಲವು ಹಳೇ ಕಾಲದ ಒಂದು ಸದ್ದಿನ ಗುರುತು ಹೊತ್ತುಕೊಂಡಿವೆ, ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು ಕೆಲವು ಸುಮ್ನೆ ಹೋಲುತ್ತವೆ, ಬಸ್ಸಿನಲ್ಲಿ ಒಂದೇ ಬಣ್ಣದ ಅಂಗಿ ಹಾಕಿದ ಇಬ್ಬರು ಅಕ್ಕಪಕ್ಕ ಕೂತ ಹಾಗೆ. ಆ ಪುಸ್ತಕ ಮೂರನ್ನೂ ಒಂದೇ ಗೋಣಿಗೆ ತುಂಬಿಸಿದೆ.

ಇಲ್ಲಿ ಇಂಗ್ಲಿಷ್ ಪದಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಮಗಳು ಪಕ್ಕದಲ್ಲಿ ಕೂತು ಸ್ಪೆಲ್ಲಿಂಗ್ ತಾನೇ ಬರೆದುಕೊಳ್ಳಲಿ.

ಬರೆಯುವುದು ಪುಲಿ, ಓದುವುದು ಹುಲಿ

ನಿಮ್ಮ ಮನೆಯ ಮಾತಿನಿಂದಲೇ ಶುರು ಮಾಡುವ. ತುಳುವಿನಲ್ಲಿ ಪಿಲಿ, ಮಲಯಾಳದಲ್ಲಿ ಪುಲಿ, ಕನ್ನಡದಲ್ಲಿ ಹುಲಿ. ಹಳಗನ್ನಡದಲ್ಲಿ ನಾವೂ ಪುಲಿ ಎಂದೇ ಬರೆಯುತ್ತಿದ್ದೆವು. ಬಾಯಲ್ಲಿ 'ಪ' ಹೋಗಿ 'ಹ' ಬಂತು. ಬರವಣಿಗೆಯಲ್ಲೂ ಬದಲಾಯಿಸಿಕೊಂಡೆವು. ೞ ಅಕ್ಷರದ ಕತೆಯೂ ಇದೇ. ಮಳೆ, ಬಾಳೆ ಎನ್ನುವಲ್ಲಿ ಮಲಯಾಳದವರು ಈಗಲೂ ನಾಲಿಗೆ ಹಿಂದಕ್ಕೆ ಮಡಚುತ್ತಾರೆ, ಆ ಸದ್ದಿಗೊಂದು ಅಕ್ಷರವನ್ನೂ ಉಳಿಸಿಕೊಂಡಿದ್ದಾರೆ. ನಮ್ಮ ಬಾಯಿಂದ ಸದ್ದು ಹೋಯಿತು, ಅಕ್ಷರವನ್ನೂ ಬಿಟ್ಟು 'ಳ' ಬರೆದೆವು.

ಇಂಗ್ಲಿಷಿನವರು ಹೀಗೆ ಮಾಡಲಿಲ್ಲ. ಅವರು ಪುಲಿ ಎಂದು ಬರೆದು ಹುಲಿ ಎಂದು ಓದುವ ಜನ.

ಜಿ-ಎಚ್ ಅಂಥ ಹಳೇ ಗುರುತು. ರಾತ್ರಿ ಎನ್ನುವ ನೈಟ್, ಎಂಟು ಎನ್ನುವ ಏಯ್ಟ್, ಮಗಳು ಎನ್ನುವ ಡಾಟರ್, ಮೂರರಲ್ಲೂ ಅದು ಇದೆ, ಮೂರರಲ್ಲೂ ಬಾಯಿ ಬಿಡುವುದಿಲ್ಲ. ಸಾವಿರ ವರ್ಷದ ಹಿಂದೆ ಅಲ್ಲಿ ಗಂಟಲಿನಿಂದ ಉಜ್ಜಿ ಬರುವ ಒಂದು ಸದ್ದು ಇತ್ತು. ಜರ್ಮನ್ನರು ಇಂದಿಗೂ ನಾಖ್ಟ್, ಆಖ್ಟ್, ಟೊಖ್ಟರ್ ಎನ್ನುತ್ತಾರೆ. ಈ ಮೂರಕ್ಕೂ ಸಂಸ್ಕೃತದಲ್ಲಿ ದೂರದ ನೆಂಟರಿದ್ದಾರೆ: ನಕ್ತ, ಅಷ್ಟ, ದುಹಿತೃ. ದುಹಿತೃವಿನ 'ಹ' ಎಲ್ಲಿ ಕೂತಿದೆಯೋ ಡಾಟರಿನ ಜಿ-ಎಚ್ ಅದೇ ಜಾಗದಲ್ಲಿ ಕೂತಿದೆ. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲಿನ ಕಾಲದಲ್ಲಿ ಫ್ರೆಂಚ್ ಪದ್ಧತಿ ಕಲಿತ ಬರಹಗಾರರು ಆ ಗಂಟಲ ಸದ್ದಿಗೆ ಜಿ-ಎಚ್ ಬರೆಯತೊಡಗಿದರು. ಮುಂದೆ ಸದ್ದೇ ಹೋಯಿತು. ಎಲ್ಲ ಕಡೆ ಒಂದೇ ಥರ ಹೋಗಲಿಲ್ಲ, ಅದೇ ಕಷ್ಟ. ದೋ, ತ್ರೂ, ನೈಟ್ ಇವುಗಳಲ್ಲಿ ಸತ್ತಿತು. ಲಾಫ್, ಕಾಫ್, ಟಫ್ ಇವುಗಳಲ್ಲಿ 'ಫ್' ಆಗಿ ಬದುಕಿತು. ಇದರ ಮಧ್ಯೆ ಅಚ್ಚುಕೂಟ ಬಂತು. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯ ಹಾಕಿದ. ಅಚ್ಚಾದ ಸ್ಪೆಲ್ಲಿಂಗ್ ನಿಧಾನವಾಗಿ ಗಟ್ಟಿಯಾಯಿತು, ಬಾಯಿ ಮಾತ್ರ ಮುಂದೆ ಹೋಯಿತು. ಭೂತ ಎನ್ನುವ ಗೋಸ್ಟ್ ಪದದ ಎಚ್‌ನ ಕತೆ ಇನ್ನೂ ತಮಾಷೆ. ಹಳೇ ಇಂಗ್ಲಿಷಿನಲ್ಲಿ ಅಲ್ಲಿ ಎಚ್ ಇರಲೇ ಇಲ್ಲ. ಕ್ಯಾಕ್ಸ್ಟನ್ ಮೊದಲು ಈಗಿನ ಬೆಲ್ಜಿಯಂನ ಬ್ರೂಜಸ್ ಊರಿನಲ್ಲಿದ್ದವನು. ಅಲ್ಲಿನ ಫ್ಲೆಮಿಷ್ ಭಾಷೆಯ ರೂಢಿಯಿಂದ ಆ ಎಚ್ ನುಸುಳಿತು ಎಂಬುದು ಭಾಷಾ ಚರಿತ್ರೆಯವರು ಒಪ್ಪುವ ವಿವರಣೆ. ಭೂತಕ್ಕೆ ಎಚ್ ಹಿಡಿಸಿದ್ದು ಅಚ್ಚಿನ ಮೊಳೆ!

ಈಗ ಹೇಳಿ. ಭೂತ, ಮಗಳು, ಕೆಮ್ಮು, ನಗು, ಎಂಟು ಇವನ್ನೆಲ್ಲ 'ಜಿ-ಎಚ್ ಪದಗಳು' ಎಂದು ಒಂದೇ ದಿನ ಕಲಿತರೆ ಅರ್ಥ ಹೇಗೆ ನೆನಪಿರಬೇಕು? ಅರ್ಥದಲ್ಲಿ ಅವಕ್ಕೆ ಕೊಡುಕೊಳ್ಳುವಿಕೆಯೇ ಇಲ್ಲ.

ಆದರೆ ಆ 40ರ ಒಳಗೇ ಒಂದು ಸಣ್ಣ ಗುಂಪು ಇದೆ, ಅದು ಉಪಯೋಗದ್ದು. ಥಿಂಕ್‌ನಿಂದ ಥಾಟ್, ಬ್ರಿಂಗ್‌ನಿಂದ ಬ್ರಾಟ್, ಬೈ ಎನ್ನುವ ಕೊಳ್ಳುವುದರಿಂದ ಬಾಟ್, ಫೈಟ್‌ನಿಂದ ಫಾಟ್, ಸೀಕ್‌ನಿಂದ ಸಾಟ್. ಟೀಚ್, ಕ್ಯಾಚ್‌ಗಳಿಂದ ಟಾಟ್, ಕಾಟ್. ಇವೆರಡರಲ್ಲಿ 'ಒ' ಬದಲು 'ಎ' ಮಾತ್ರ. ಎಲ್ಲ ಆಗಿಹೋದ ಕೆಲಸಗಳು. ಫೈಟ್ ಪದದಲ್ಲಿ 'ಟಿ' ಮೊದಲೇ ಇದೆ, ಉಳಿದವುಗಳಲ್ಲಿ ಕೊನೆಯ 'ಟಿ' ಆಗಿಹೋದದ್ದರ ಗುರುತು. ನಿಮ್ಮ ಮಗಳಿಗೆ ದೋ ಮತ್ತು ಥಾಟ್ ಗೊಂದಲ ಇದೆಯಲ್ಲ, ಇಷ್ಟು ಹೇಳಿ ನೋಡಿ: 'ಟಿ'ಯಲ್ಲಿ ಮುಗಿದರೆ ಯೋಚಿಸಿದ್ದು ಆಗಿಹೋಯಿತು. 'ಟಿ' ಇಲ್ಲದ ದೋ ನಮ್ಮ 'ಬಂದರೂ, ಹೋದರೂ' ಎನ್ನುವುದರ ಕೊನೆಯ 'ರೂ'. ಮಳೆ ಬಂದರೂ ಅಡಿಕೆ ಹೆಕ್ಕಿದೆವು ಎನ್ನುವ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೇಳಿ. ಒಮ್ಮೆ ತಾನೇ ಕಟ್ಟಿದ ವಾಕ್ಯ ಮರೆಯುವುದಿಲ್ಲ.

ಕೆ-ಎನ್ ಪಟ್ಟಿಯೂ ಇದೇ ಜಾತಿ. ನೋ, ನೀ, ನೈಫ್, ನಾಟ್ ಎಲ್ಲದರ ಮುಂದೆ ಸುಮ್ಮನೆ ನಿಂತ 'ಕೆ' ಒಂದು ಕಾಲದಲ್ಲಿ ಉಚ್ಚಾರವಾಗುತ್ತಿತ್ತು, ಸುಮಾರು 17ನೇ ಶತಮಾನದ ಹೊತ್ತಿಗೆ ಬಿದ್ದುಹೋಯಿತು. ಚಾಕು, ಗಂಟು, ಮೊಣಕಾಲು ಇವುಗಳಿಗೆ ಅರ್ಥದ ನಂಟು ಇಲ್ಲ. ಆದರೂ ಮಗಳಿಗೆ ಒಂದು ರುಚಿ ತೋರಿಸಿ. ತಿಳಿ ಎನ್ನುವ ನೋ, ಸಂಸ್ಕೃತದ 'ಜ್ಞಾ' ಎರಡೂ ಒಂದೇ ಬೇರಿನವು. ಅದೇ ಜ್ಞಾನವನ್ನು ಕನ್ನಡದವರು 'ಗ್ನಾನ' ಎಂದು ಗಕಾರ ಒತ್ತಿ ಹೇಳುತ್ತಾರೆ. ನಮ್ಮ ಪೇಟೆಯ ಮಲಯಾಳದವರು 'ಞಾನ' ಎನ್ನುತ್ತಾರೆ, ಮುಂದಿನ ಸದ್ದು ಬಿಟ್ಟು. ಇಂಗ್ಲಿಷಿನವರು ಬಿಟ್ಟದ್ದೂ ಅಂಥದ್ದೇ ಸದ್ದು. ಮೊಣಕಾಲು ಎನ್ನುವ ನೀ ಇದೆಯಲ್ಲ, ಅದರ ನೆಂಟ ಆಜಾನುಬಾಹುವಿನ 'ಜಾನು'.

ಪಂಡಿತರೂ ಎಡವಿದ್ದಾರೆ

ಬಾಯಿ ಬಿಡದ ಅಕ್ಷರ ಎಲ್ಲವೂ ಹಳೇ ಸದ್ದಿನ ಗುರುತು ಎಂದುಕೊಳ್ಳಬೇಡಿ. ಕೆಲವನ್ನು ಪಂಡಿತರು ಆಮೇಲೆ ಸಿಕ್ಕಿಸಿದ್ದು. ಸಾಲ ಎನ್ನುವ ಡೆಟ್ ಫ್ರೆಂಚಿನಿಂದ ಬರುವಾಗ 'ಬಿ' ಇರಲಿಲ್ಲ. ಲ್ಯಾಟಿನ್ನಿನ ಡೆಬಿಟಮ್‌ನಲ್ಲಿ ಇದೆ ಎಂದು ನೆನಪಿಗಾಗಿ ಸೇರಿಸಿದರು. ಇದರಿಂದ ಒಂದು ಲಾಭವಾಯಿತು: ಪಾಸ್‌ಬುಕ್ಕಿನ ಡೆಬಿಟ್‌ಗೂ ಡೆಟ್‌ಗೂ ನಂಟು ಕಣ್ಣಿಗೆ ಕಾಣುತ್ತದೆ. ದ್ವೀಪ ಎನ್ನುವ ಐಲ್ಯಾಂಡಿನ 'ಎಸ್' ಮಾತ್ರ ಶುದ್ಧ ತಪ್ಪು. ಅದು ಅಚ್ಚ ಇಂಗ್ಲಿಷ್ ಪದ. ಫ್ರೆಂಚಿನ 'ಐಲ್' ಪದದ ಜೊತೆ ಗೊಂದಲವಾಗಿ ಎಸ್ ಅಂಟಿತು. ನೋವು ಎನ್ನುವ ಏಕ್ ಪದವನ್ನು ಸ್ಯಾಮುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಗ್ರೀಕ್ ಮೂಲದ್ದು ಎಂದು ತಪ್ಪಾಗಿ ತಿಳಿದ, ಸಿ-ಎಚ್ ಇರುವ ಸ್ಪೆಲ್ಲಿಂಗ್ ಗಟ್ಟಿಯಾಯಿತು. ಹೆಡ್‌ಏಕ್ ಬರೆಯುವಾಗ ಮಕ್ಕಳಿಗೆ ತಲೆನೋವು ತಂದದ್ದರಲ್ಲಿ ಅವನ ಪಾಲೂ ಇದೆ.

ನಿಜವಾಗಿ ಒಂದೇ ತರವಾಡಿನವು

ಈ ವಿಷಯಕ್ಕೆ ಆ ಪುಸ್ತಕ ಜಾಸ್ತಿ ಜಾಗ ಕೊಡಬೇಕಿತ್ತು. ಎರಡು ಎನ್ನುವ ಟೂ ಪದದ ಮಧ್ಯೆ ಒಂದು 'ಡಬ್ಲ್ಯು' ಯಾಕಿದೆ ಎಂದು ಮಕ್ಕಳು ಕೇಳುತ್ತಾರೆ. ಅವಳಿಗಳು ಟ್ವಿನ್, ಎರಡು ಸಲ ಟ್ವೈಸ್, ಹನ್ನೆರಡು ಟ್ವೆಲ್ವ್, ಇಪ್ಪತ್ತು ಟ್ವೆಂಟಿ, ಇಬ್ಬರ ನಡುವೆ ಬಿಟ್ವೀನ್. ಎಲ್ಲದರಲ್ಲೂ ಟಿ-ಡಬ್ಲ್ಯು, ಎಲ್ಲದರಲ್ಲೂ ಎರಡು. ಹಗ್ಗ ಹೊಸೆಯುವ ಟ್ವಿಸ್ಟ್ ಕೂಡ ಅಲ್ಲಿಂದಲೇ, ಎರಡು ಎಳೆ ಬೇಕಲ್ಲ. ಟೂ ಪದದಲ್ಲಿ ಡಬ್ಲ್ಯು ಸದ್ದಿಗೆ ಕೆಲಸಕ್ಕೆ ಬಾರದು. ಅದು ಮನೆತನದ ಹೆಸರು, ನಮ್ಮವರು ಹೆಸರಿನ ಮುಂದೆ ಇನಿಶಿಯಲ್ ಬರೆದ ಹಾಗೆ.

ಒಂದು ಎನ್ನುವ ಒನ್ ಇನ್ನೂ ಚಂದ. ಒಮ್ಮೆ ಎನ್ನುವ ಒನ್ಸ್, ಬರೀ ಎನ್ನುವ ಓನ್ಲಿ, ಒಂಟಿ ಎನ್ನುವ ಅಲೋನ್, ಒಬ್ಬರೂ ಇಲ್ಲ ಎನ್ನುವ ನನ್. ಅಲೋನ್ ಎಂದರೆ 'ಆಲ್ ಒನ್', ಪೂರಾ ಒಬ್ಬನೇ. ಉಚ್ಚಾರ ಒಂದೊಂದರದ್ದೂ ಬೇರೆ. ಸದ್ದು ಹಿಡಿದು ಹೋದರೆ ಇವು ಸಿಗುವುದಿಲ್ಲ, ಅಕ್ಷರ ಹಿಡಿದು ಹೋದರೆ ಸಿಗುತ್ತವೆ. ಸಹಿ ಎನ್ನುವ ಸೈನ್ ಪದದಲ್ಲಿ 'ಜಿ' ಮೌನ, ಸಿಗ್ನಲ್, ಸಿಗ್ನೇಚರ್‌ಗಳಲ್ಲಿ ಮಾತಾಡುತ್ತದೆ. ಬಾಂಬ್‌ನ ಕೊನೆಯ 'ಬಿ' ಮೌನ, ಬಂಬಾರ್ಡ್‌ನಲ್ಲಿ ಮಾತಾಡುತ್ತದೆ. ಮಸಲ್ ಪದದ 'ಸಿ' ಮಸ್ಕ್ಯುಲರ್‌ನಲ್ಲಿ ಬಾಯಿ ತೆರೆಯುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಹುಚ್ಚು ಎಂದು ಬೈಯುವವರು ಈ ಗುಣವನ್ನು ಮರೆಯುತ್ತಾರೆ. ಅದು ಸದ್ದಿಗೆ ಮೋಸ ಮಾಡಿ ನಂಟಸ್ತಿಕೆ ಕಾಪಾಡುತ್ತದೆ.

ನೆಂಟರ ವೇಷದಲ್ಲಿ ಬಂದವರೂ ಇದ್ದಾರೆ, ಹುಷಾರು. ಟ್ವೀಜರ್ ಎನ್ನುವ ಚಿಮುಟದಲ್ಲಿ ಟಿ-ಡಬ್ಲ್ಯು ಇದೆ, ಎರಡು ಕಾಲೂ ಇದೆ. ಆದರೂ ಅದು ಟೂ ಮನೆಯದಲ್ಲ, ಸಣ್ಣ ಪೆಟ್ಟಿಗೆ ಎನ್ನುವ ಫ್ರೆಂಚ್ ಪದದಿಂದ ಬಂದದ್ದು. ಸ್ಟೋನ್, ಮನಿ, ಫೋನ್ ಇವುಗಳ ಹೊಟ್ಟೆಯಲ್ಲಿ 'ಒನ್' ಕಾಣುತ್ತದೆ, ಅದೂ ಸುಳ್ಳು. ಪೆನ್ ಮತ್ತು ಪೆನ್ಸಿಲ್ ಅಣ್ಣತಮ್ಮ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಪೆನ್ ಲ್ಯಾಟಿನ್ನಿನ ಗರಿ. ಪೆನ್ಸಿಲ್ ಲ್ಯಾಟಿನ್ನಿನ ಸಣ್ಣ ಕುಂಚ. ಕುಂಚದ ಹಾಗೆ ಕಾಣುವ ಬೂಷ್ಟಿಗೆ ಪೆನಿಸಿಲಿಯಂ ಎಂದು ಹೆಸರಿಟ್ಟರು, ಅದರಿಂದ ಪೆನಿಸಿಲಿನ್. ಹಾಗಾಗಿ ಪೆನ್ಸಿಲಿನ ನಿಜವಾದ ನೆಂಟ ಆಸ್ಪತ್ರೆಯಲ್ಲಿ ಸಿಗುತ್ತಾನೆ.

ವಾಟ್ಸಾಪಿನಲ್ಲಿ ಬರುವ 'ನ್ಯೂಸ್ ಎಂದರೆ ನಾಲ್ಕು ದಿಕ್ಕುಗಳ ಮೊದಲ ಅಕ್ಷರ' ಎಂಬ ಸಂದೇಶವನ್ನು ದಯವಿಟ್ಟು ಮಗಳಿಗೆ ಕಲಿಸಬೇಡಿ. ನ್ಯೂ ಎಂದರೆ ಹೊಸತು, ನ್ಯೂಸ್ ಎಂದರೆ ಹೊಸ ಸಂಗತಿಗಳು. ಅಷ್ಟೇ.

ಪಿ-ಎಚ್ ಗುಂಪು ಬೇರೆ ಥರದ್ದು. ಅದನ್ನು ಕಂಡರೆ ಪದ ಗ್ರೀಕಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಅರ್ಥ ಅಕ್ಷರದಲ್ಲಿ ಇರುವುದಿಲ್ಲ, ಪದದ ತುಂಡಿನಲ್ಲಿ ಇರುತ್ತದೆ: ಫೋಟೋ ಬೆಳಕು, ಗ್ರಾಫ್ ಬರಹ, ಟೆಲಿ ದೂರ. ಫೋಟೋಗ್ರಾಫ್ ಬೆಳಕಿನ ಬರಹ, ಟೆಲಿಗ್ರಾಫ್ ದೂರದ ಬರಹ. ವಿಜ್ಞಾನ ಪಾಠದಲ್ಲಿ ಇಂಥ ಹತ್ತಿಪ್ಪತ್ತು ತುಂಡು ಗೊತ್ತಿದ್ದರೆ ತುಂಬ ಸಹಾಯ. ಗ್ರೀಕ್ ನಮಗೆ ದೂರ ಎಂದು ಅವಳು ಹೇಳಿದರೆ ಮಂಜೇಶ್ವರದ ಗೋವಿಂದ ಪೈಗಳ ಹೆಸರು ಹೇಳಿ. ಎರಡು ಸಾವಿರ ವರ್ಷದಷ್ಟು ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಹುಡುಕಿ ಬರೆದವರಲ್ಲಿ ಅವರೂ ಒಬ್ಬರು. ಅವರ ಮನೆ 'ಗಿಳಿವಿಂಡು' ನಿಮ್ಮಿಂದ ಒಂದು ಬಸ್ಸಿನ ದೂರ.

'ಇನ್' ಕತೆ, ಮತ್ತು ಅಮ್ಮನ ಕುಕ್ಕರ್

ಇನ್‌ಫ್ಲೇಮಬಲ್ ಎಂದರೆ ಥಟ್ಟನೆ ಬೆಂಕಿ ಹಿಡಿಯುವಂಥದ್ದು. ಹೆದ್ದಾರಿ 66ರಲ್ಲಿ ಓಡುವ ಟ್ಯಾಂಕರುಗಳ ಹಿಂದೆ ಬರೆದಿರುವುದನ್ನು ನೋಡಿರಬಹುದು. ನಿಮ್ಮ ಮಗಳ ತಪ್ಪು ಲೋಕದ ತಪ್ಪು. ಜನ ಇದನ್ನು ಉಲ್ಟಾ ತಿಳಿದರೆ ಪ್ರಾಣಕ್ಕೆ ಅಪಾಯ ಎಂದು ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ 'ಫ್ಲೇಮಬಲ್' ಎಂದು ಬರೆಯಿರಿ ಎಂದು ಒತ್ತಾಯಿಸಿತು. ಎರಡು ಪದಕ್ಕೂ ಅರ್ಥ ಒಂದೇ.

ಲ್ಯಾಟಿನ್ನಿನಿಂದ ಬಂದ 'ಇನ್' ಎರಡಿವೆ. ಒಂದು 'ಅಲ್ಲ' ಎನ್ನುವುದು: ಇನ್‌ಕರೆಕ್ಟ್, ಇನ್‌ವಿಸಿಬಲ್. ಇನ್ನೊಂದು 'ಒಳಕ್ಕೆ' ಎನ್ನುವುದು. ಬೆಂಕಿಯ ಒಳಕ್ಕೆ ಹೋಗುವುದು ಇನ್‌ಫ್ಲೇಮ್. ಇನ್‌ಕಮ್, ಇನ್‌ಪುಟ್‌ಗಳಲ್ಲಿ ಇರುವುದು ಇಂಗ್ಲಿಷಿನದ್ದೇ 'ಒಳಗೆ'. 'ಅಲ್ಲ' ಎನ್ನುವ 'ಇನ್' ಕೆಲವೊಮ್ಮೆ ವೇಷವನ್ನೂ ಬದಲಿಸುತ್ತದೆ: ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಇದು ನಮಗೆ ಹೊಸತಲ್ಲ. ಸತ್ ಮತ್ತು ಜನ ಸೇರಿ ಸಜ್ಜನ ಆಗುವುದಿಲ್ಲವೇ, ಅದೇ ಸಂಧಿ. ಅಂದರೆ ಅಕ್ಷರ ಒಂದೇ ಇದ್ದು ಅರ್ಥ ಬೇರೆ ಆಗುವುದೂ ಉಂಟು, ಅಕ್ಷರ ಬೇರೆ ಇದ್ದು ಅರ್ಥ ಒಂದೇ ಆಗುವುದೂ ಉಂಟು. 50 'ಇನ್' ಪದಗಳ ಪಟ್ಟಿ ಈ ಎರಡನ್ನೂ ಹೇಳುವುದಿಲ್ಲ.

ಕೊನೆಯ ಇ-ಆರ್ ಕೂಡ ಹಾಗೆಯೇ. ಟೀಚ್ ಮಾಡುವವರು ಟೀಚರ್, ಫಾರ್ಮ್ ಮಾಡುವವರು ಫಾರ್ಮರ್ ಎಂದು ಕಲಿತ ಮಗು, 'ನನ್ನ ಅಮ್ಮ ಒಳ್ಳೆಯ ಕುಕ್ಕರ್' ಎಂದು ಬರೆಯುತ್ತದೆ. ಪ್ರತಿ ವರ್ಷ ಒಬ್ಬರಾದರೂ ಬರೆಯುತ್ತಿದ್ದರು. ಅಮ್ಮ ಕುಕ್, ಸೀಟಿ ಹಾಕುವುದು ಕುಕ್ಕರ್.

ನನ್ನದೇ ಒಂದು ತಪ್ಪು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಪೀರಿಯಡ್ ಪೂರ್ತಿ 'ಹೋಲುವ ಪದಗಳು' ಎಂದು ಪಾಠ ಮಾಡಿದೆ. ಕ್ವೈಟ್, ಕ್ವಯೆಟ್. ಹೊಂದಿಕೊಳ್ಳುವುದು ಎನ್ನುವ ಅಡಾಪ್ಟ್, ಅದರ ಹಾಗೇ ಕೇಳುವ, ಆದರೆ ಮಧ್ಯದ 'ಎ' ಬದಲು 'ಒ' ಇರುವ, ದತ್ತು ತೆಗೆದುಕೊಳ್ಳುವುದು ಎನ್ನುವ ಪದ. ಅಫೆಕ್ಟ್, ಎಫೆಕ್ಟ್. ಬೋರ್ಡಿನಲ್ಲಿ ಎದುರು ಬದುರು ಬರೆದೆ, ಬಣ್ಣದ ಚಾಕ್ ಬಳಸಿದೆ. ನನಗೇ ಹೆಮ್ಮೆ. ಮುಂದಿನ ತಿಂಗಳ ಪರೀಕ್ಷೆಯಲ್ಲಿ, ಮೊದಲು ಸರಿ ಬರೆಯುತ್ತಿದ್ದವರೂ ತಪ್ಪು ಬರೆದಿದ್ದರು. ಜೋಡಿ ನೆನಪಿತ್ತು, ಯಾವುದು ಯಾವುದು ಎನ್ನುವುದು ಮರೆತಿತ್ತು.

ಎರಡು ಹೊಸ ಪದ ನೋಡಲು ಒಂದೇ ಥರ ಇದ್ದರೆ, ಒಟ್ಟಿಗೆ ಕಲಿಯುವಾಗ ಒಂದು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಊರಿಗೆ ಹೊಸಬರಾಗಿ ಅವಳಿ ಹುಡುಗರನ್ನು ಒಂದೇ ದಿನ ಪರಿಚಯ ಮಾಡಿಕೊಂಡರೆ ಆಗುವ ಫಜೀತಿ. ಒಬ್ಬನನ್ನು ಚೆನ್ನಾಗಿ ಪರಿಚಯ ಮಾಡಿಕೊಂಡು, ತಿಂಗಳು ಬಿಟ್ಟು ಇನ್ನೊಬ್ಬನನ್ನು ಕಂಡರೆ ತೊಂದರೆ ಇಲ್ಲ. ನಿಮ್ಮ ಮಗಳ ಕ್ವೈಟ್-ಕ್ವಯೆಟ್ ಗೊಂದಲದ ಬೇರು ಇಲ್ಲೇ. ಸದ್ಯಕ್ಕೆ ಮೌನ ಎನ್ನುವ ಕ್ವಯೆಟ್ ಒಂದನ್ನೇ ಇಟ್ಟುಕೊಳ್ಳಿ, ಬಾಯಲ್ಲಿ ಎರಡು ತುಂಡು ಮಾಡಿ ಹೇಳಿಸಿ, ಬರೆಯಿಸಿ. ಇನ್ನೊಂದರ ಹೆಸರೇ ಎತ್ತಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು

6,000 ರೂಪಾಯಿಯ ಕೋರ್ಸ್. ನಾನಾದರೆ ಕೊಡುವುದಿಲ್ಲ. ಗ್ರೀಕ್, ಲ್ಯಾಟಿನ್ ಬೇರುಗಳನ್ನು ಕಲಿಸಿದರೆ ಲಾಭ ಉಂಟು. ಆದರೆ 'ಅಕ್ಷರ ನೋಡಿ ಅರ್ಥ ಹೇಳು' ಎನ್ನುವ ಅಭ್ಯಾಸ ಅಂಟಿಕೊಂಡರೆ ಇನ್‌ಫ್ಲೇಮಬಲ್ ಥರದ ತಪ್ಪು ಕಡಿಮೆ ಆಗುವುದಿಲ್ಲ, ಧೈರ್ಯದಿಂದ ಆಗುತ್ತದೆ. ಬೇರಿನ ಅರ್ಥ ಸರಿ ಇದ್ದರೂ ಇವತ್ತಿನ ಅರ್ಥ ಬೇರೆ ಇರಬಹುದು. ಮ್ಯಾನುಫ್ಯಾಕ್ಚರ್ ಪದದ ಬೇರು 'ಕೈಯಿಂದ ಮಾಡು'. ಈಗ ಅದು ಮಷಿನ್ ಮಾಡುವ ಕೆಲಸ. ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು, ಕೆಲವು ಸರಳ ಕತೆಪುಸ್ತಕ ಬರುತ್ತವೆ, ಉಳಿದದ್ದರಲ್ಲಿ ಗೊಬ್ಬರ ತರಬಹುದು.

ಇಂಗ್ಲಿಷ್ ಮೀಡಿಯಂ. ಇದು ಮನೆಯ ನಿರ್ಧಾರ, ಬೇಡವೇ ಬೇಡ ಎಂದು ನಾನು ಹೇಳಲಾರೆ. ಆದರೆ 8ನೇ ಕ್ಲಾಸಿನ ಮಧ್ಯೆ ಬದಲಾಯಿಸಿದರೆ ಗಣಿತ, ವಿಜ್ಞಾನ, ಸಮಾಜ ಎಲ್ಲದರ ಪದಗಳೂ ಒಂದೇ ಸಲ ಮೈಮೇಲೆ ಬೀಳುತ್ತವೆ. ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ. ಇಂಗ್ಲಿಷ್ ಒಂದರ ತೊಂದರೆಗೆ ಚೆನ್ನಾಗಿ ಬರುವ ನಾಲ್ಕು ವಿಷಯವನ್ನು ಪಣಕ್ಕಿಡಬೇಕಾ ಎಂದು ಯೋಚಿಸಿ. ಇಂಗ್ಲಿಷ್ ಸ್ಪೆಲ್ಲಿಂಗ್ ಇಂಗ್ಲೆಂಡಿನ ಮಕ್ಕಳಿಗೂ ಕಷ್ಟವೇ. ಬರೆದ ಹಾಗೆ ಓದುವ ಇಟಾಲಿಯನ್, ಫಿನ್ನಿಷ್ ಮಕ್ಕಳಿಗಿಂತ ಅವರು ಓದಲು ಕಲಿಯುವುದು ನಿಧಾನ. ಕನ್ನಡ ಮಾಧ್ಯಮವನ್ನು ಇದಕ್ಕೆ ದೂರುವುದು ಸರಿಯಲ್ಲ.

ಡಿಸ್ಲೆಕ್ಸಿಯಾ. ಈ ಹೆಸರನ್ನು ಜನ ಸಲೀಸಾಗಿ ಎಸೆಯುತ್ತಾರೆ. ನೀವು ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಅವಳು ಮೊದಲು ಓದಿರದ ಒಂದು ಕನ್ನಡ ಪೇಪರ್ ಸುದ್ದಿಯನ್ನು ಗಟ್ಟಿಯಾಗಿ ಓದಿಸಿ. ಒತ್ತಕ್ಷರಗಳಲ್ಲಿ ಎಡವದೆ, ವಯಸ್ಸಿಗೆ ತಕ್ಕ ವೇಗದಲ್ಲಿ ಓದಿದರೆ ಹೆದರುವ ಕಾರಣ ಕಡಿಮೆ. ಕನ್ನಡವನ್ನೂ ಅಕ್ಷರ ಅಕ್ಷರ ಕೂಡಿಸಿ ತುಂಬ ನಿಧಾನವಾಗಿ ಓದಿದರೆ, ಚಿಕ್ಕ ಕ್ಲಾಸಿನಿಂದಲೂ ಓದು ಎಂದರೆ ಓಡಿಹೋಗುತ್ತಿದ್ದರೆ, ತೋರಿಸಿಬಿಡಿ. ಕನ್ನಡ ಸರಿ ಇದ್ದೂ, ಕೆಳಗೆ ಹೇಳಿದ ಕ್ರಮವನ್ನು ಮೂರು ತಿಂಗಳು ಮಾಡಿದ ಮೇಲೂ ಇಂಗ್ಲಿಷ್ ಒಂದಿಷ್ಟೂ ಕದಲದಿದ್ದರೆ ಆಗಲೂ ತೋರಿಸಿ. ಶಾಲೆಯ ಮೂಲಕ ಬಿ.ಆರ್.ಸಿ. ಎನ್ನುವ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರನ್ನು ಕೇಳಬಹುದು, ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಿ ಹೇಳುತ್ತಾರೆ. ನೆರೆಮನೆಯವರಾಗಲಿ, ನಾನಾಗಲಿ ಪತ್ರ ಓದಿ ಹೇಳುವ ವಿಷಯ ಇದಲ್ಲ. ಇದ್ದರೂ ಅದು ಬುದ್ಧಿಯ ಕೊರತೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಗಳೂ ಸೇರಿವೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೇಳಲು ದಾರಿ ಇದೆ.

ನನ್ನ ಆಯ್ಕೆ ಇದು. ಟ್ಯೂಷನ್ ಪುಸ್ತಕವನ್ನು ಬಿಸಾಡಬೇಡಿ, ಹರಡಿ ಕೂರಿ. ಗೇರುಬೀಜ ವಿಂಗಡಿಸುವ ಹಾಗೆ ವಿಂಗಡಿಸಿ. ಒಂದು 200 ಪುಟದ ನೋಟ್‌ಬುಕ್ಕಿನಲ್ಲಿ ಒಂದು ಮನೆತನಕ್ಕೆ ಒಂದು ಪುಟ: ಟೂ ಪುಟ, ಒನ್ ಪುಟ, ಸೈನ್ ಪುಟ. ಹೊಸ ನೆಂಟ ಸಿಕ್ಕಾಗೆಲ್ಲ ಆ ಪುಟಕ್ಕೆ ಸೇರಿಸುವುದು. ಹೋಲುವ ಪದಗಳು ಒಂದೇ ವಾರದಲ್ಲಿ ಬರಕೂಡದು. ದಿನಕ್ಕೆ 20 ಬೇಡ, 6 ಅಥವಾ 8 ಸಾಕು. ಮಾರನೇ ದಿನ ಒಪ್ಪಿಸಿ ಬಿಟ್ಟರೆ ವಾರದಲ್ಲಿ ಹಾರಿಹೋಗುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿದ್ದಾನೆ. ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ, ತಿಂಗಳ ಮೇಲೆ ಒಮ್ಮೆ, ಹೀಗೆ ದೂರ ದೂರ ಕೇಳಿ. ಕೇಳುವಾಗ ಅರ್ಥ ಮುಚ್ಚಿಟ್ಟು ಕೇಳಿ. ನೋಡಿ ನೋಡಿ ಓದಿದರೆ ಗೊತ್ತಿದೆ ಎಂಬ ಭ್ರಮೆ ಬರುತ್ತದೆ, ಅಷ್ಟೇ. ಜಿ-ಎಚ್, ಕೆ-ಎನ್ ಪಟ್ಟಿಗಳೂ ಕೆಲಸಕ್ಕೆ ಬರುತ್ತವೆ, ಆದರೆ ಅರ್ಥ ಗೊತ್ತಾದ ಮೇಲೆ, ಡಿಕ್ಟೇಷನ್ನಿಗೆ ಮಾತ್ರ.

ಈ ದಾರಿಯಲ್ಲೂ ಒಂದು ಅಪಾಯ ಇದೆ, ಹೇಳಿಬಿಡುತ್ತೇನೆ. ಮೊದಲ ತಿಂಗಳು ಟ್ಯೂಷನ್ ಟೆಸ್ಟಿನಲ್ಲಿ ಅಂಕ ಇಳಿಯಬಹುದು, ಯಾಕೆಂದರೆ ಅಲ್ಲಿ 20 ಪದ ಕೇಳುತ್ತಾರೆ. ಟ್ಯೂಷನ್ ಟೀಚರ್ ಹತ್ತಿರ ಮೊದಲೇ ಮಾತಾಡಿ. ಹೆಚ್ಚಿನವರು ಒಪ್ಪುತ್ತಾರೆ.

ಮಗಳ ಪ್ರಶ್ನೆಗೆ

ಇಂಗ್ಲಿಷಿನಲ್ಲಿ ನಮ್ಮ ಊರಿನ ಪದ ಇಲ್ವಾ? ನಿಮ್ಮ ಅಂಗಳದಲ್ಲೇ ಒಣಗುತ್ತಿದೆ. ಅಡಿಕೆಗೆ ಇಂಗ್ಲಿಷಿನಲ್ಲಿ ಅರೆಕಾ. ಅದು ಮಲಯಾಳದ ಅಡಕ್ಕ, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು. ನಾರಿನ ಹಗ್ಗ ಕಾಯರ್ ಎಂದರೆ ಮಲಯಾಳದ ಕಯರ್. ಕೊಬ್ಬರಿಗೆ ಕೋಪ್ರಾ, ಮಲಯಾಳದ ಕೊಪ್ಪರ. ತೇಗಕ್ಕೆ ಟೀಕ್, ಮಲಯಾಳದ ತೇಕ್. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರು ಈ ಕರಾವಳಿಯಿಂದ ಕಾಳುಮೆಣಸಿನ ಜೊತೆ ಇವನ್ನೂ ಹೊತ್ತುಕೊಂಡು ಹೋದರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ. ಕಡೆಗೆ ಹೋದಾಗ ಬೋರ್ಡುಗಳಲ್ಲಿ ಅರೆಕಾ ಹುಡುಕಲು ಹೇಳಿ.

ಹಲಸಿಗೆ ಜಾಕ್‌ಫ್ರೂಟ್. ಅದರ 'ಜಾಕ್' ಮಲಯಾಳದ ಚಕ್ಕ, ಪೋರ್ಚುಗೀಸರ ಬಾಯಲ್ಲಿ ಜಾಕ ಆಗಿ ಅಲ್ಲಿಂದ ಹೋದದ್ದು. ಜೀಪಿನ ಟಯರ್ ಬದಲಿಸುವಾಗ ಅಡಿಗೆ ಕೊಡುವ ಜಾಕ್ ಕೂಡ ಅದೇ ನಾಲ್ಕು ಅಕ್ಷರ. ಅದು ಜಾಕ್ ಎಂಬ ಗಂಡಸಿನ ಹೆಸರಿನಿಂದ ಬಂದದ್ದು, ಹಲಸಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಲಿ.